ಜಗಲಿಯ ಮೇಲಿನ ಕುದುರೆ ಸವಾರ

“ಎಷ್ಟು ಮಂದೀನ ಹೊಡದೀರಿ?”

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಿಲ್ಟ್ರಿ ಸಾಮಾನಿನ ಅಂಗಡಿ ನಡೆಸುವ ಹೊನ್ನೂರುಸ್ವಾಮಿಗೆ ಈ ಪ್ರಶ್ನೆ ಕೇಳಿ ಕೇಳಿ ಕಿವಿ ದಡ್ಡುಗಟ್ಟಿದೆ. ರಾತ್ರಿ ಪಾಳಿಗೆ ಜರ್ಕಿನ್ ಕೊಳ್ಳಲು ಬಂದ ಫ್ಯಾಕ್ಟರಿ ಗಾರ್ಡು ಕೇಳುತ್ತಾನೆ, ಬೂಟಿನ ಲೇಸಿಗೆ ಬಂದ ಲಾರಿ ಡ್ರೈವರ್ ಕೇಳುತ್ತಾನೆ. ಆಗಸ್ಟ್ ಹದಿನೈದಕ್ಕೆ ಕರೆಸಿ ಶಾಲು ಹೊದಿಸಿದ ಮೇಷ್ಟ್ರು ಮೈಕಿನಲ್ಲೇ ಕೇಳಿದ್ದುಂಟು. ಹೊನ್ನೂರುಸ್ವಾಮಿ ಮೀಸೆಯಡಿ ನಕ್ಕು ಬೇರೆ ಮಾತು ತೆಗೆಯುತ್ತಾನೆ. ಹತ್ತೊಂಬತ್ತು ವರ್ಷ ಅವನು ಸೈನ್ಯದಲ್ಲಿದ್ದದ್ದು ಖರೆ. ಆದರೆ ಅಷ್ಟೂ ವರ್ಷ ಕಾದದ್ದು ಕಂಬಳಿಯ ಗಂಟುಗಳನ್ನು. ಜಬಲ್ಪುರದ ಗೋದಾಮೊಂದರಲ್ಲಿ ಬೂಟು, ಕೋಟು, ಗುಡಾರ, ನೀರಿನ ಬಾಟಲಿ ಬಂದರೆ ಇಳಿಸಿಕೊಳ್ಳುವುದು, ಗುರುತು ನೋಡುವುದು, ಹೋಗುವಾಗ ಹೊರಿಸಿ ಕಳಿಸುವುದು. ಅವನು ಕಳಿಸಿದ ಕೋಟು ಹಿಮದಲ್ಲಿ ಯಾರ ಮೈ ಕಾಯಿತೋ ಅವನಿಗೆ ಗೊತ್ತಿಲ್ಲ. ಯಾರದೋ ಮೈ ಕಾಯಿತು, ಅಷ್ಟು ಗೊತ್ತು.

ನಮ್ಮ ಜನಕ್ಕೆ ಸಿಪಾಯಿ ಅಂದರೆ ಹೊಡೆದವನಿರಬೇಕು, ಇಲ್ಲವೇ ಸತ್ತವನಿರಬೇಕು. ಹೊತ್ತವನಿಗೆ ಸಭೆಯಲ್ಲಿ ಕುರ್ಚಿಯಿಲ್ಲ. ಅದಕ್ಕೇ ಹೊನ್ನೂರುಸ್ವಾಮಿ ಇದ್ದದ್ದನ್ನು ಇದ್ದ ಹಾಗೆ ಹೇಳಲಿಲ್ಲ, ಇಲ್ಲದ್ದನ್ನೂ ಹೇಳಲಿಲ್ಲ. ಊರು ತನಗೆ ಬೇಕಾದದ್ದನ್ನು ಅವನ ಮೌನದೊಳಗೆ ತುಂಬಿಕೊಂಡಿತು.

ಆ ಗೋದಾಮು ಅವನಿಗೆ ಒಂದು ವಿದ್ಯೆಯನ್ನಂತೂ ಕೊಟ್ಟಿತು. ಸೈನ್ಯದ ಹಳೆಯ ಸಾಮಾನನ್ನು ಕೈಗಿಟ್ಟರೆ ಯಾವ ಕಾಲದ್ದು, ಯಾರಿಗೆಂದು ಮಾಡಿದ್ದು, ಖರೆಯದೋ ಖೊಟ್ಟಿಯದೋ ಹೇಳಬಲ್ಲ. ಕೋಟಾದರೆ ಮೊದಲು ಒಳಗಿನ ಹೊಲಿಗೆ, ಆಮೇಲೆ ಗುಂಡಿಯ ಬೆನ್ನು. ಗುಂಡಿಯ ಮುಖ ನೋಡುವುದು ಕಟ್ಟಕಡೆಗೆ. “ಮಾರಾವ ಮುಖಕ್ಕ ಬಣ್ಣ ಹಚ್ಚತಾನ, ಬೆನ್ನಿಗೆ ಹಚ್ಚಂಗಿಲ್ಲ” ಎನ್ನುವುದು ಅವನ ಮಾತು. ಎಲ್ಲ ಸಲವೂ ಅವನ ಮಾತು ನಿಂತದ್ದಿಲ್ಲ. ಒಮ್ಮೆ ಕಂಪ್ಲಿಯವನೊಬ್ಬ ತಂದ ನೀರಿನ ಬಾಟಲಿಯನ್ನು ಹಳೆಯದೆಂದು ಹೇಳಿಬಿಟ್ಟು, ಅದರ ಮುಚ್ಚಳದೊಳಗಿನ ರಬ್ಬರು ನಿನ್ನೆಮೊನ್ನೆಯದೆಂದು ಆಮೇಲೆ ಕಂಡು, ಬಸ್ಸು ಹತ್ತಿ ಹೋಗಿ ತಿದ್ದಿ ಬಂದಿದ್ದ.

ಈಚೆಗೆ ಇಂಥ ಸಾಮಾನಿಗೆ ಎಲ್ಲಿಲ್ಲದ ಗಿರಾಕಿ. ಹಂಪಿ ರಸ್ತೆಯ ರೆಸಾರ್ಟುಗಳಿಗೆ ಗೋಡೆ ತುಂಬಬೇಕು. ಹಾಳುಗುಡಿಯ ದೇವರನ್ನು ತಂದಿಟ್ಟರೆ ಪೊಲೀಸರು ಬರುತ್ತಾರೆ. ಸತ್ತ ಸಿಪಾಯಿಯ ಟೋಪಿ ತಂದು ನೇತುಹಾಕಿದರೆ ಯಾರೂ ಬರುವುದಿಲ್ಲ. ಟೋಪಿ ಸಿಗದಿದ್ದರೂ ಚಿಂತೆಯಿಲ್ಲ. ಹೊಸ ಕಬ್ಬಿಣದ ಟೋಪಿಯನ್ನು ಸಂಡೂರಿನ ಅದಿರಿನ ಕೆಂಪು ಧೂಳಿನಲ್ಲಿ ಒಂದು ಮಳೆಗಾಲ ಹೂತಿಟ್ಟು ತೆಗೆದರೆ ಅದಕ್ಕೆ ಎಂಬತ್ತು ವರ್ಷ ವಯಸ್ಸಾಗಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಆ ವಯಸ್ಸೆಲ್ಲ ಬಟ್ಟೆಗೆ ಬರುತ್ತದೆ. ಆದರೆ ಒರೆಸಿ ನೋಡುವವರು ಯಾರು?

ಮಾರುತೇಶ್ ಅಂಥದೊಂದು ಗೋಡೆಯ ಒಡೆಯ. ಪಾಪಿನಾಯಕನಹಳ್ಳಿಯವನು. ಅದಿರು ಲಾರಿಯ ಕ್ಲೀನರ್ ಆಗಿ ಸಂಡೂರಿಗೆ ಹೋದವನು ಲಾರಿಗಳ ಮಾಲೀಕನಾಗಿ ತಿರುಗಿ ಬಂದ. ಈಗ ಹಂಪಿ ರಸ್ತೆಯಲ್ಲಿ ರೆಸಾರ್ಟು ಕಟ್ಟಿ, ಊಟದ ಹಾಲ್‌ನ ಪಕ್ಕದ ಕೋಣೆಗೆ ‘ಶೌರ್ಯ’ ಎಂದು ಹೆಸರಿಟ್ಟು, ಟೋಪಿ, ಬೆಲ್ಟು, ಪದಕಗಳನ್ನು ದೀಪ ಹಾಕಿ ಜೋಡಿಸಿದ್ದಾನೆ. ಅವನ ಗಾರ್ಡುಗಳ ಜರ್ಕಿನ್, ಬೂಟು ಹೋಗುವುದು ಹೊನ್ನೂರುಸ್ವಾಮಿಯ ಅಂಗಡಿಯಿಂದಲೇ. ಆ ಸಲುಗೆಯಲ್ಲಿ ಒಮ್ಮೆ ಕರೆದು ಕೋಣೆ ತೋರಿಸಿದ.

ಹೊನ್ನೂರುಸ್ವಾಮಿ ಪದಕಗಳ ಅಂಚು ನೋಡಿದ. ಇಂಗ್ಲಿಷರ ಕಾಲದಲ್ಲಿ ನಮ್ಮವರಿಗೆ ಕೊಟ್ಟ ಪದಕದ ಅಂಚಿನಲ್ಲಿ ಪಡೆದವನ ನಂಬರು, ಹೆಸರು, ಪಡೆ ಇರುತ್ತದೆ. ಅಚ್ಚಿನಿಂದ ಒತ್ತಿದ ಅಕ್ಷರ, ಲೋಹದೊಳಗೆ ಕುಸಿದು ಕೂತಿರುತ್ತದೆ. ಇಲ್ಲಿಯ ಅಕ್ಷರಗಳು ಚುಕ್ಕೆ ಚುಕ್ಕೆಯಾಗಿ ಕೊರೆದವು. ಅಷ್ಟೇ ಅಲ್ಲ, ಇಂಗ್ಲಿಷಿನ ‘ಎಸ್’ ಅಕ್ಷರದ ಬಾಲ ಹಾವು ಹೆಡೆ ಎತ್ತಿದ ಹಾಗೆ ಮೇಲಕ್ಕೆದ್ದಿತ್ತು. ಈ ಹೆಡೆಯನ್ನು ಎಲ್ಲೋ ದಿನಾ ನೋಡುತ್ತೇನಲ್ಲ ಅಂದುಕೊಂಡ. ಮನೆಗೆ ಬಂದು ನೀರು ಕುಡಿಯುವಾಗ ಹೊಳೆಯಿತು. ಹೆಂಡತಿ ಸುಕನ್ಯಾಳ ತವರಿನ ಚೆಂಬಿನ ಮೇಲೆ ಅದೇ ‘ಎಸ್’. ಕಂಪ್ಲಿಯ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು, ಮದುವೆಗೆ ಉಡುಗೊರೆ ಕೊಂಡವರ ಪಾತ್ರೆಗಳಿಗೆ ಹೆಸರು ಕೊರೆದುಕೊಡುವ ತೋಟಪ್ಪನ ಕೈ ಅದು. ಚೆಂಬಿಗೆ ಹೆಸರು ಕೊರೆದವನು ಪದಕಕ್ಕೂ ಕೊರೆದಿದ್ದ, ಏನೆಂದು ಕೇಳದೆ.

ಆವತ್ತು ಮಾರುತೇಶ್ “ಖರೆ ಅದಾವೇನು” ಎಂದು ಕೇಳಿರಲಿಲ್ಲ. “ಹೆಂಗೈತಣ್ಣ” ಎಂದಿದ್ದ. “ಜೋಡಿಸಿದ್ದು ಚಲೋ ಐತಿ” ಎಂದು ಹೊನ್ನೂರುಸ್ವಾಮಿ ಚಹಾ ಕುಡಿದು ಬಂದಿದ್ದ. ಸುಳ್ಳು ಹೇಳಲಿಲ್ಲ. ಸುಳ್ಳಿಗೆ ನೆರಳು ಕೊಟ್ಟ. ನಮ್ಮಲ್ಲಿ ಮರ್ಯಾದಸ್ಥರೆಲ್ಲ ಮಾಡುವುದು ಇದನ್ನೇ.

ಭಾದ್ರಪದದ ಒಂದು ಮಧ್ಯಾಹ್ನ ಮಾರುತೇಶ್ ಅಂಗಡಿಗೆ ಬಂದು, ಕರವಸ್ತ್ರ ಬಿಚ್ಚಿ ಒಂದು ಬಿಲ್ಲೆಯನ್ನು ಗಾಜಿನ ಮೇಲಿಟ್ಟ. ಅಂಗೈಗಿಂತ ಚಿಕ್ಕದು, ಮೇಲೊಂದು ಕೊಂಡಿ. ಉಳಿದದ್ದೆಲ್ಲ ಅರಿಶಿನ ಹೆಪ್ಪುಗಟ್ಟಿ ಹಳದಿ ಮುದ್ದೆ.

“ನಮ್ಮ ದೊಡ್ಡವ್ವನ ದೇವರ ಜಗಲಿ ಮ್ಯಾಲಿಂದಣ್ಣ. ಪಾಪಿನಾಯಕನಹಳ್ಳ್ಯಾಗ ಅದಾಳಲ್ಲ, ತಾಯಕ್ಕ. ಮೈಲಾರಲಿಂಗ ಅಂತ ಪೂಜಿ ಮಾಡ್ತಾಳ. ಕುದರಿ ಮ್ಯಾಲೆ ಕುಂತಾನ, ಕೈಯಾಗ ಕತ್ತಿ. ಮೊನ್ನೆ ಹೋದಾಗ ಅರಿಶಿಣ ಸ್ವಲ್ಪ ಸರಿಸಿ ನೋಡಿದೆ. ಇಂಥದ್ದ ಒಂದು ನನ್ನ ಗ್ವಾಡಿ ಮ್ಯಾಲೈತಿ, ಬೆಳ್ಳೀದು.”

“ಆಕಿ ಕೊಟ್ಟಳೇನು?”

“ತಿಕ್ಕಿಸಿ ತರ್ತೀನಿ ಅಂತ ಹೇಳಿ ತಂದೀನಿ. ಖರೆ ಐತೇನು ನೋಡ್ರಿ. ಖರೆ ಇದ್ರ ನಮ್ಮ ವಂಶದಾಗ ಒಬ್ಬ ಸಿಪಾಯಿ ಇದ್ದಂಗಾತು. ಗೆಸ್ಟ್‌ಗಳಿಗೆ ಹೇಳಾಕ ಒಂದು ಸ್ಟೋರಿ ಬೇಕಲ್ಲ.”

ಅವನು ಹೋದ ಮೇಲೆ ಹೊನ್ನೂರುಸ್ವಾಮಿ ಉಗುರುಬೆಚ್ಚಗಿನ ನೀರಿನಲ್ಲಿ ಬಿಲ್ಲೆಯನ್ನು ನೆನೆಹಾಕಿ, ಮೆತ್ತನೆಯ ಬ್ರಷ್ಷಿನಿಂದ ಹಳದಿಯನ್ನು ಬಿಡಿಸಿದ. ಮೇಲೆ ಬಂದದ್ದು ಕಂಚು. ಒಂದು ಬದಿಗೆ ಬತ್ತಲೆ ಕುದುರೆ ಸವಾರ, ಕುದುರೆಯ ಗೊರಸಿನ ಕೆಳಗೆ ತಲೆಬುರುಡೆ. ಅಕ್ಕಪಕ್ಕ ಸವೆದ ಇಸವಿಗಳು. ಇನ್ನೊಂದು ಬದಿಗೆ ಗಡ್ಡದ ಇಂಗ್ಲಿಷ್ ರಾಜ. ಸವಾರನ ಬದಿ ಕನ್ನಡಿಯ ಹಾಗೆ ನುಣ್ಣಗಾಗಿತ್ತು. ರಾಜನ ಬದಿ ಅಷ್ಟು ಸವೆದಿರಲಿಲ್ಲ. ಚಕ್ರವರ್ತಿಯನ್ನು ನೂರು ವರ್ಷ ಬೋರಲು ಮಲಗಿಸಿ, ಕುದುರೆಗೆ ಪೂಜೆ ಮಾಡಿದ್ದರು.

ಮೊದಲನೆಯ ಮಹಾಯುದ್ಧದ ಪದಕ ಅದು. ಯುದ್ಧ ಮುಗಿದ ಮೇಲೆ ಇಂಗ್ಲಿಷ್ ಸರಕಾರ ಅದೇ ರಾಜ, ಅದೇ ಕುದುರೆಯ ಪದಕವನ್ನು ಎರಡು ಲೋಹದಲ್ಲಿ ಹಂಚಿತು. ಬಂದೂಕು ಹಿಡಿದವನಿಗೆ ಬೆಳ್ಳಿ. ಹಡಗಿನಿಂದ ಮೂಟೆ ಇಳಿಸಿದ, ರಸ್ತೆ ಕಡಿದ, ಹೆಣ ಹೊತ್ತ ಕೂಲಿ ಪಡೆಯವನಿಗೆ ಕಂಚು. ಸತ್ತವರನ್ನು ಹೂಳಿ ಬಂದ ಮೇಲೂ ಲೋಹದಲ್ಲಿ ಜಾತಿ ಮಾಡಿದರು.

ಹೊನ್ನೂರುಸ್ವಾಮಿ ಅಂಚನ್ನು ಬೆಳಕಿಗೆ ಹಿಡಿದು ಭೂತಗಾಜು ಇಟ್ಟ. ಕೊಂಡಿಯ ಬಲ ಸಂದಿಯಲ್ಲಿ ಒತ್ತಿದ ಎರಡು ಅಂಕಿ. ಎಡ ಸಂದಿಯಲ್ಲಿ ‘ಲೇಬರ್ ಕೋರ್’, ಅಂದರೆ ಕೂಲಿ ಪಡೆ, ಎನ್ನುವುದರ ಬಾಲದ ನಾಲ್ಕು ಇಂಗ್ಲಿಷ್ ಅಕ್ಷರ. ನಡುವೆ, ಹೆಸರಿರಬೇಕಾದ ಜಾಗದಲ್ಲಿ, ಹೊಳೆಯ ಕಲ್ಲಿನಂಥ ನುಣುಪು. ಬೆರಳು ಹೋಗದ ಸಂದಿಯಲ್ಲಿದ್ದದ್ದು ಉಳಿದಿತ್ತು. ಬೆರಳಿಗೆ ಸಿಕ್ಕದ್ದು ಅಳಿದಿತ್ತು.

ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಇವನನ್ನೂ ಯಾರೋ ಕೇಳಿರಬೇಕು, ಎಷ್ಟು ಮಂದೀನ ಹೊಡದೀ ಅಂತ.

ಎರಡು ದಿನ ಬಿಟ್ಟು ಒಬ್ಬ ಮುದುಕಿ ಅಂಗಡಿಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ವಯರಿನ ಬುಟ್ಟಿ, ಹಣೆಯ ತುಂಬ ವಿಭೂತಿ.

“ಮಿಲ್ಟ್ರಿ ಹೊನ್ನೂರಪ್ಪ ಅಂದ್ರ ನೀನ ಏನ್ ತಮ್ಮಾ? ನಮ್ಮ ಮೈಲಾರ ಇಲ್ಲಿ ಅದಾನಂತ, ಮಾರುತಿ ಹೇಳಿದ.”

“ಹೌದ್ರಿ ಯಮ್ಮಾ. ಬರ್ರಿ, ಕುಂದ್ರಿ.”

“ಕುಂದ್ರಾಕ ಬಂದಿಲ್ಲಪ. ಅಮಾಸಿ ಬಂತು, ಜಗಲಿ ಮ್ಯಾಲೆ ಹಲ್ಲು ಬಿದ್ದ ಬಾಯಿ ಆದಂಗ ಆಗೇತಿ. ತಿಕ್ಕಿಸಿ ತರ್ತೀನಂತ ಒಯ್ದಾನ. ತಿಕ್ಕಾಕ ನನಗೇನು ಕೈ ಸೇದಿ ಹೋಗ್ಯಾವೇನು? ಈ ಮನಿಗೆ ಬಂದಾಗಿಂದ ನಾನ ತಿಕ್ಕೀನಿ. ಹುಣಸಿಹಣ್ಣು, ಬೂದಿ, ತೆಂಗಿನ ನಾರು. ಫಳಫಳ ಅಂತಿದ್ದ.”

ಹೊನ್ನೂರುಸ್ವಾಮಿ ಬಿಲ್ಲೆಯನ್ನು ತೆಗೆದಿಟ್ಟ. ತಾಯಕ್ಕ ನೋಡಿದವಳೇ ಸೆರಗಿನಿಂದ ಮುಚ್ಚಿದಳು.

“ಭಂಡಾರದ ಅರಿಶಿಣ ಎಲ್ಲಾ ತೊಳದೀಯಲ್ಲೋ. ನಡು ಬಜಾರದಾಗ ದೇವರನ್ನ ಬತ್ತಲೆ ಕುಂದ್ರಿಸೀಯಲ್ಲ. ಮೈಮ್ಯಾಲೆ ಅರಿವಿ ಇಲ್ಲ ಅಂತ ನಮ್ಮತ್ತಿ ತಿಕ್ಕಿದ ಮ್ಯಾಲೆ ದಪ್ಪಗ ಹಚ್ಚತಿದ್ಲು, ನಾನೂ ಹಚ್ಚತೀನಿ.”

ಅವನಿಗೆ ನಗು ಬಂತು. ಅವಳೂ ನಕ್ಕಳು. ನಕ್ಕ ಮೇಲೆ ಕೂತಳು. ಈ ದೇವರು ಮನೆಗೆ ಬಂದದ್ದು ಹೇಗೆ ಎಂದು ಅವನು ಕೇಳಿದ.

“ಟಪಾಲಿನ್ಯಾಗ ಬಂದನಂತಪ. ನಮ್ಮನಿಯವ್ರ ಅಜ್ಜಿ, ವಿರುಪಮ್ಮ ಅಂತ, ಆಕಿ ಕಾಲದಾಗ.” ತಾಯಕ್ಕ ದನಿ ತಗ್ಗಿಸಿದಳು. “ಆಕಿ ಗಂಡ ಭರಮಪ್ಪ. ಈ ಹೆಸರ ನಮ್ಮನ್ಯಾಗ ಅನ್ನಂಗಿಲ್ಲ, ಓಡಿಹೋದಾತ ಅಂತೀವಿ. ಬಸರಾ ಅಂತ ಊರೈತಂತ, ಸಮುದ್ರದ ಆಚಿಗೆ. ಅಲ್ಲಿ ದಂಡಿನ ಕೂಲಿಗೆ ಹೋದ, ಕೂಸಿನ್ನೂ ತೊಟ್ಟಿಲದಾಗಿತ್ತು. ಬರಲಿಲ್ಲ. ಕೆಲಸ ಬಿಟ್ಟು ಓಡಿಹೋದ, ಅಲ್ಲೇ ಇನ್ನೊಬ್ಬಾಕಿನ ಕಟ್ಕೊಂಡ ಅಂತ ಊರಾಗ ಅಂದ್ರು. ಯಾರು ನೋಡಿ ಬಂದಿದ್ರೋ ಏನೋ. ವಿರುಪಮ್ಮನ್ನ ಮುತ್ತೈದಿ ಅಂತ ಯಾರೂ ಉಡಿ ತುಂಬಲಿಲ್ಲ, ಗಂಡ ಸತ್ತಾಕಿ ಅಂತ ಯಾರೂ ಕೂಡಿ ಅಳಲಿಲ್ಲ. ಹಂಗ ಜೀವ ತೇದಳು. ಒಂದಿನ ಸರಕಾರದ ಡಬ್ಬ್ಯಾಗ ಈತ ಬಂದ. ಓದಿ ಹೇಳಾವ್ರಿಲ್ಲ. ಕುದರಿ ನೋಡಿದ್ಲು, ಕತ್ತಿ ನೋಡಿದ್ಲು, ಕಾಲಕೆಳಗ ಮಲ್ಲಾಸುರನ ತಲಿ ನೋಡಿದ್ಲು. ಗಂಡ ಬಿಟ್ರೂ ಮೈಲಾರ ಬಿಡಲಿಲ್ಲ ಅಂತ ಜಗಲಿ ಮ್ಯಾಲೆ ಇಟ್ಲು.”

“ಮಾನೌಮಿ ಅಮಾಸಿಗೆ ಹಿರೇರಿಗೆ ಎಡಿ ಇಡ್ತೀರಲ್ಲ, ಆಗ?”

“ಎಲ್ಲಾರ ಹೆಸರ ಹಿಡದು ಕರೀತೀವಿ. ಆತನ್ನ ಕರಿಯಂಗಿಲ್ಲ. ಓಡಿಹೋದಾವಗ ಯಾತರ ಎಡಿ? ಯಾವ ಕೂಸಿಗೂ ಆ ಹೆಸರಿಡಲಿಲ್ಲ.”

ಹೊನ್ನೂರುಸ್ವಾಮಿಗೆ ಸೈನ್ಯದ ಕಾಯಿದೆ ಗೊತ್ತಿತ್ತು. ಕೆಲಸ ಬಿಟ್ಟು ಓಡಿಹೋದವನಿಗೆ ಸೈನ್ಯ ಪದಕ ಕೊಡುವುದಿಲ್ಲ. ಕೊಟ್ಟದ್ದಿದ್ದರೆ ಕಿತ್ತುಕೊಳ್ಳುತ್ತದೆ. ಇದು ಆ ಮನೆಯ ವಿಳಾಸಕ್ಕೆ ಬಂದಿತ್ತು ಅಂದರೆ ಭರಮಪ್ಪ ಓಡಿಹೋದವನಲ್ಲ. ಅಷ್ಟನ್ನು ಅಲ್ಲೇ ಹೇಳಿಬಿಡಬಹುದಿತ್ತು. ಹೇಳಿದರೆ ಅವಳ ಮುಂದಿನ ಪ್ರಶ್ನೆ ಹೆಸರೆಲ್ಲಿ ಎನ್ನುವುದೇ. ಹೆಸರು ಎಲ್ಲಿ ಹೋಯಿತೆಂದು ಅವಳೇ ಈಗ ಹೇಳಿದ್ದಳು, ಹುಣಸೆಹಣ್ಣು, ಬೂದಿ, ತೆಂಗಿನ ನಾರು ಅಂತ.

“ಅಮಾಸಿ ದಿನ ನಾನ ತಂದು ಕೊಡ್ತೀನಿ ಯಮ್ಮಾ. ಇನ್ನಾ ಸ್ವಲ್ಪ ನೋಡೂದೈತಿ.”

“ತಾ. ಆದ್ರ ಮಾರುತಿ ಕೈಯಾಗ ಕೊಡಬ್ಯಾಡ. ಹುಡುಗ ನಮ್ಮವನ, ಕೆಟ್ಟಾವಲ್ಲ. ಅವನ ಕೈಯಾಗ ಹೋದದ್ದೆಲ್ಲಾ ಮಾರೂ ಸಾಮಾನ ಆಗ್ತೈತಿ, ಅಷ್ಟ.”

ಮಾರುತೇಶ್ ಮರುದಿನವೇ ಬಂದ. ಹೊನ್ನೂರುಸ್ವಾಮಿ ಸುತ್ತು ಬಳಸದೆ ಹೇಳಿದ. ಪದಕ ಖರೆ. ಕಂಚಿನದು. ಕೂಲಿ ಪಡೆಯವನದು. ಹೆಸರು ಸವೆದು ಹೋಗಿದೆ.

“ಕೂಲಿ?” ಮಾರುತೇಶನ ಮುಖ ಸಪ್ಪಗಾಯಿತು. “ಶೌರ್ಯ ಅಂತ ಬರದು, ಅದರ ಕೆಳಗ ಕೂಲಿ ಅಂತ ಹಾಕಲೇನು? ಮಂದಿ ನಗತಾರಣ್ಣ.”

“ಆತ ನಿಮ್ಮ ಮುತ್ತಜ್ಜ, ಭರಮಪ್ಪ.”

“ಅದಕ್ಕ ಆತನ್ನ ದೊಡ್ಡಾವನ್ನ ಮಾಡಾಕತ್ತೀನಿ. ಬೆಳ್ಳಿ ನೀರು ಕೊಡಸ್ತೀನಿ. ಅಂಚಿನ ಮ್ಯಾಲೆ ಸಿಪಾಯಿ ಭರಮಪ್ಪ ಅಂತ ಕೊರಸ್ತೀನಿ. ದಸರಾಕ್ಕ ನಾಕು ದೊಡ್ಡ ಮಂದಿ ಬರ್ತಾರ, ಅವರ ಮುಂದ ನೀವು ಖರೆ ಐತಿ ಅಂದ್ರ ಸಾಕು. ಪದಕ ಖರೆ ಐತಿ ಅಂತ ನೀವ ಅಂದ್ರಲ್ಲ.”

“ನಿನ್ನ ಗ್ವಾಡಿ ಮ್ಯಾಲಿನವೆಲ್ಲಾ ಕಂಪ್ಲಿ ತೋಟಪ್ಪನ ಕೈಯಾಗಿನವು, ಮಾರುತೇಶ. ನಮ್ಮನಿ ಚೆಂಬಿನ ಅಕ್ಷರ. ಅವತ್ತ ಹೇಳಬೇಕಿತ್ತು ನಾನು.”

“ನನಗ ಗೊತ್ತಿಲ್ಲೇನು? ಕೊರಸಿದಾವ ನಾನ.” ಮಾರುತೇಶ್ ನಕ್ಕ. “ಬಂದಾವ್ರು ಅಂಚು ನೋಡಂಗಿಲ್ಲಣ್ಣ, ಸೆಲ್ಫಿ ತಕ್ಕೊಂತಾರ. ನೀವು ಭಾಳ ಬಿಗಿ ಮಾಡಬ್ಯಾಡ್ರಿ. ಊರೆಲ್ಲಾ ನಿಮ್ಮನ್ನ ಯುದ್ಧ ಮಾಡಿ ಬಂದಾವ್ರು ಅಂತೈತಿ. ನೀವು ಒಂದಿನರ ಇಲ್ಲ ಅಂದೀರೇನು?”

ಹೊನ್ನೂರುಸ್ವಾಮಿ ಗಾಜಿನ ಮೇಲಿದ್ದ ಬಿಲ್ಲೆಯನ್ನು ತನ್ನ ಕಡೆ ಎಳೆದುಕೊಂಡ.

“ಅಂದಿಲ್ಲ,” ಎಂದ. “ಅದು ನನ್ನ ಹೊಟ್ಟ್ಯಾಗ ಇರೂದು. ಅದಕ್ಕಂತ ಇದನ್ನ ಕೊಡಾಕ ಬರಂಗಿಲ್ಲ. ಯಾರ ಜಗಲಿಯಿಂದ ಬಂತೋ ಅಲ್ಲೇ ಕೊಡ್ತೀನಿ.”

“ನನಗೂ ಹಕ್ಕೈತಿ.”

“ಇದ್ರ ನಿಮ್ಮ ದೊಡ್ಡವ್ವನ ಮುಂದ ಕೇಳು.”

ಮಾರುತೇಶ್ ಎದ್ದು ಹೋಗುವಾಗ ಹೊಸ ಜರ್ಕಿನ್‌ಗಳ ಕಟ್ಟನ್ನು ಒಮ್ಮೆ ನೋಡಿದ.  

ಊಟಕ್ಕೆ ಕೂತಾಗ ಹೊನ್ನೂರುಸ್ವಾಮಿ ಚೆಂಬನ್ನೇ ನೋಡುತ್ತಿದ್ದ.

“ಅದ್ಯಾಕ ಹಂಗ ನೋಡ್ತೀರಿ? ನಮ್ಮಪ್ಪ ಕೊಟ್ಟದ್ದು. ಅದೂ ಖೊಟ್ಟಿ ಅಂತೀರೇನು?” ಎಂದಳು ಸುಕನ್ಯಾ.

ಅವನು ಎಲ್ಲ ಹೇಳಿದ. ಅವಳು ರೊಟ್ಟಿ ಹಾಕುತ್ತಾ ಕೇಳಿದಳು. ಮಾರುತೇಶನ ಗಿರಾಕಿ ಹೋಯಿತೆಂದಾಗ “ಹೋಗ್ಲಿ ಬಿಡ್ರಿ” ಎಂದಳು. ಹೆಸರು ಸವೆದ ಮಾತು ಬಂದಾಗ ಕೈ ನಿಲ್ಲಿಸಿದಳು.

“ಅದನ್ನ ಮಾತ್ರ ಹೇಳಬ್ಯಾಡ್ರಿ. ಮೊದ್ಲ ಹೆಸರಿರಲಿಲ್ಲ ಅಂತ ಅಂದುಬಿಡ್ರಿ. ಭಕ್ತಿಯಿಂದ ತಿಕ್ಕಿದ ಕೈ. ನೀನ ಅಳಿಸೀ ಅಂತ ಯಾವ ಬಾಯಿಲೆ ಅಂತೀರಿ?”

ಅವನಿಗೆ ಅದೇ ಸರಿಯೆನ್ನಿಸಿತು. ಆ ರಾತ್ರಿಯ ಮಟ್ಟಿಗೆ.

ಅಮಾವಾಸ್ಯೆಯ ಬೆಳಿಗ್ಗೆ ಬಿಲ್ಲೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡು ಪಾಪಿನಾಯಕನಹಳ್ಳಿಗೆ ಹೋದ. ತಾಯಕ್ಕನ ಮನೆಯ ಮುಂದೆ ಮಾರುತೇಶನ ಕಾರು ಆಗಲೇ ನಿಂತಿತ್ತು. ಒಳಗೆ ಜಗಲಿಯ ಮೇಲೆ ತಿಕ್ಕಿ ತೊಳೆದ ದೇವರುಗಳು ಸಾಲಾಗಿ ಕೂತಿದ್ದವು, ನಡುವೆ ಒಂದು ಜಾಗ ಖಾಲಿ. ಜಗಲಿಯ ಕೆಳಗೆ, ಗೋಡೆಯ ಬದಿಗೆ ಹಿರಿಯರ ಜಾಗ. ಹೊಸ ಸೀರೆ, ಧೋತರ ಮಡಚಿಟ್ಟು, ಹೋಳಿಗೆ, ಕಡುಬು, ಬದನೆಕಾಯಿ ಪಲ್ಯದ ಎಡೆ ಹಾಕಿದ್ದರು. ಒಬ್ಬರ ಎಡೆಯ ಪಕ್ಕ ಬೀಡಿ ಕಟ್ಟು, ಇನ್ನೊಬ್ಬರದರ ಪಕ್ಕ ಎಲೆಅಡಿಕೆ. ಯಾರಿಗೇನು ಇಷ್ಟವೋ ಅದು.

ತಾಯಕ್ಕ ಕೈಯೊಡ್ಡಿದಳು. ಹೊನ್ನೂರುಸ್ವಾಮಿ ಬಿಲ್ಲೆಯನ್ನು ಅವಳ ಅಂಗೈಗಿಟ್ಟು, ಅವಳು ಜಗಲಿಯ ಕಡೆ ತಿರುಗುವ ಮೊದಲೇ ಹೇಳಿದ.

“ಯಮ್ಮಾ, ಇದು ಮೈಲಾರ ಅಲ್ಲ. ದಂಡಿನ ಪದಕ. ಬಸರಾದ ಕೂಲಿ ಪಡಿಗೆ ಸರಕಾರ ಕೊಟ್ಟದ್ದು. ಓಡಿಹೋದಾವ್ರಿಗೆ ಇದನ್ನ ಕೊಡಂಗಿಲ್ಲ. ನಿಮ್ಮನಿಯಿಂದ ಹೋದಾವ ಒಬ್ಬನ. ಆತ ಎಲ್ಲಿ ಸತ್ತನೋ, ಹೆಂಗ ಸತ್ತನೋ ಇದು ಹೇಳಂಗಿಲ್ಲ. ಕೆಲಸ ಬಿಟ್ಟು ಓಡಲಿಲ್ಲ ಅಂತ ಮಾತ್ರ ಹೇಳ್ತೈತಿ.”

ತಾಯಕ್ಕ ಅಂಗೈ ನೋಡುತ್ತಾ ನಿಂತಳು. “ಮತ್ತ ಕುದರಿ?”

“ಅದು ಅವರ ದೇಶದ ಒಬ್ಬ ದೇವಮಾನವನ ಕುದರಿ. ನಮ್ಮ ಮೈಲಾರನಂಗ ಅವನೂ ರಾಕ್ಷಸನ್ನ ಹೊಡದಾನಂತ.”

“ಅಂದ್ರ,” ಎಂದಳು.  “ಓಡಿಹೋದ, ಓಡಿಹೋದ ಅಂತ ಬೈಕೋತ, ಆತಗ ಕೈ ಮುಗಿಯಾಕತ್ತಿದ್ವೇನು?”

 ಮಾರುತೇಶ್ ಗಂಟಲು ಸರಿಪಡಿಸಿಕೊಂಡ.

“ದೊಡ್ಡವ್ವ, ಅದಕ್ಕ ನಾ ಹೇಳೂದು. ಅಂಚಿನ ಮ್ಯಾಲೆ ಹೆಸರ ಕೊರಸೂಣು, ಸಿಪಾಯಿ ಭರಮಪ್ಪ ಅಂತ. ನಾಕು ಮಂದಿ ನೋಡ್ಲಿ. ಇವ್ರು ಬ್ಯಾಡಂತಾರ.”

ತಾಯಕ್ಕ ಹೊನ್ನೂರುಸ್ವಾಮಿಯ ಕಡೆ ತಿರುಗಿದಳು. “ಕೊರಸಿದ್ರ ಏನಾಕ್ಕೈತಪ? ಹೆಸರ ಆತಂದ ಅಲ್ಲೇನು?”

“ಕೊರಸಿದ ದಿನಾನ ಇದು ಖೊಟ್ಟಿ ಆಕ್ಕೈತಿ ಯಮ್ಮಾ. ಈ ಸಂದ್ಯಾಗ ಮುಟ್ಟಿ ನೋಡ್ರಿ, ನಾಕು ಅಕ್ಷರ ಉಳದಾವ. ಆತಗ ಕೊಟ್ಟಾಗಿನವು. ಅವುಗಳ ಪಕ್ಕ ತೋಟಪ್ಪನ ಅಕ್ಷರ ಕುಂತ್ರ, ನಾಳಿ ನೋಡಿದಾವ ಎಲ್ಲಾನೂ ಸುಳ್ಳು ಅಂತಾನ.”

ಅವಳು ಉಗುರಿನಿಂದ ಕೊಂಡಿಯ ಸಂದಿಯನ್ನು ತಡವಿದಳು. ಆಮೇಲೆ ಮಾರುತೇಶನಿಗೆ ಹೇಳಿದಳು, “ಕೂಲಿಗೆ ಹೋದಾವನ್ನ ಸಿಪಾಯಿ ಅಂತ ಕರದ್ರ ಆತ ಹೆಂಗ ಓ ಅಂತಾನಲೇ? ಕರದ್ರ ತನ್ನನ್ನ ಅಂತ ಗುರುತ ಹತ್ತಬೇಕಲ್ಲ. ನಿಮ್ಮಪ್ಪ ಕೂಲಿ ಮಾಡಿದ, ನಿಮ್ಮ ದೊಡ್ಡಪ್ಪ ಮಾಡಿದ, ನಾ ಮಾಡೀನಿ. ನೀನೂ ಲಾರಿ ತೊಳದೀ. ಇವನೊಬ್ಬಗ ಯಾಕ ನಾಚಿಗಿ?”

ಮಾರುತೇಶ್ ಫೋನು ತೆಗೆದು ಏನೋ ನೋಡತೊಡಗಿದ.

ತಾಯಕ್ಕನ ಬೆರಳು ಈಗ ಅಂಚಿನ ಸುತ್ತ ಹರಿಯುತ್ತಿತ್ತು. ನುಣುಪಿನ ಜಾಗಕ್ಕೆ ಬಂದು ನಿಂತಿತು.

“ಇಲ್ಲಿ ಮೊದ್ಲ ಹೆಸರಿತ್ತೇನು?”

ಹೊನ್ನೂರುಸ್ವಾಮಿಗೆ ಸುಕನ್ಯಾಳ ಮಾತು ನೆನಪಾಯಿತು. ಇರಲಿಲ್ಲ ಅಂದರೆ ಮುಗಿಯಿತು. ಮುದುಕಿ ನಂಬುತ್ತಾಳೆ, ಊಟ ಮಾಡುತ್ತಾಳೆ. ಆದರೆ ಇರಲಿಲ್ಲ ಅಂದರೆ ಸರಕಾರ ಈ ಮನುಷ್ಯನ ಹೆಸರನ್ನೇ ಬರೆದಿರಲಿಲ್ಲ ಎಂದಾಗುತ್ತದೆ. ಅವನ ಪಾಲಿಗಿದ್ದ ಒಂದೇ ಒಂದು ಮರ್ಯಾದೆಯನ್ನು ತಾನು ಕಿತ್ತುಕೊಂಡ ಹಾಗೆ. ಒಮ್ಮೆ ಸುಳ್ಳಿಗೆ ನೆರಳು ಕೊಟ್ಟಾಗಿತ್ತು.

“ಇತ್ರಿ ಯಮ್ಮಾ. ಸವದೈತಿ.”

ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಂಡಳು. ಬೆಳಿಗ್ಗೆ ಉಳಿದ ದೇವರುಗಳನ್ನು ತಿಕ್ಕಿದ ಬೂದಿ ಇನ್ನೂ ಬಿರುಕುಗಳಲ್ಲಿತ್ತು.

“ನಾನ ಅಳಿಸೀನಿ.”

“ನೀವೊಬ್ರ ಅಲ್ಲ. ವಿರುಪಮ್ಮ ತಿಕ್ಕ್ಯಾಳ, ನಿಮ್ಮತ್ತಿ ತಿಕ್ಕ್ಯಾಳ.”

“ಅವ್ರು ತಿಕ್ಕಿ ನನಗೊಂದೀಟು ಬಿಟ್ಟಿದ್ರೇನೋ. ಉಳದದ್ದು ನಾ ಮುಗಿಸಿದೆ.” ಅವಳು ಗೋಡೆಗೆ ಒರಗಿ ಕೂತಳು. ಅಳಲಿಲ್ಲ. ಬಿಲ್ಲೆಯನ್ನು ಮಡಿಲಲ್ಲಿಟ್ಟುಕೊಂಡು ಬೆರಳುಗಳ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು. ಹೊನ್ನೂರುಸ್ವಾಮಿಗೆ ತಾನು ಬರಬಾರದಿತ್ತು ಅನ್ನಿಸಿತು. ಹೇಳಬಾರದಿತ್ತು ಅಂತ ಮಾತ್ರ ಅನ್ನಿಸಲಿಲ್ಲ.

ಎಡೆ ಆರುತ್ತಿತ್ತು. ತಾಯಕ್ಕ ಎದ್ದಳು. ಬಿಲ್ಲೆಯನ್ನು ಜಗಲಿಯ ಖಾಲಿ ಜಾಗಕ್ಕೆ ಇಡಲಿಲ್ಲ. ಕೆಳಗೆ, ಹಿರಿಯರ ಸಾಲಿನ ಮೊದಲಿಗೆ ಇಟ್ಟಳು. ಅದರ ಮುಂದೆ ಹಾಕಲು ಎಲೆ ಹಿಡಿದವಳು ತಡೆದು ನಿಂತಳು.

“ಆತಗ ಏನು ಇಷ್ಟ ಇತ್ತೋ, ಗೊತ್ತಿರಾವ್ರು ಯಾರೂ ಇಲ್ಲ,” ಎಂದಳು. ಒಳಗೆ ಹೋಗಿ ಎರಡು ಜೋಳದ ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ, ಒಂದು ಈರುಳ್ಳಿ ತಂದು ಬಿಳಿ ಬಟ್ಟೆಯಲ್ಲಿ ಬುತ್ತಿ ಕಟ್ಟಿದಳು. ಕೂಲಿಗೆ ಹೊರಟವರಿಗೆ ಆ ಮನೆಯ ಹೆಂಗಸರು ಕಟ್ಟುತ್ತಾ ಬಂದ ಹಾಗೆಯೇ, ಎರಡು ಗಂಟು ಹಾಕಿ.

ಆಮೇಲೆ ಒಬ್ಬೊಬ್ಬರನ್ನೇ ಕರೆದಳು. ಅತ್ತೆಯ ಹೆಸರು, ಮಾವನ ಹೆಸರು. ಗಂಡನ ಹೆಸರಿಗೆ ಬಂದಾಗ ನಿಂತಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಪ್ರತಿ ವರ್ಷ ಮನೆಯ ಗಂಡಸರು ಯಾರಾದರೂ ಹೇಳಬೇಕು. ಮಾರುತೇಶ್ ಫೋನು ಜೇಬಿಗಿಟ್ಟು ಹೇಳಿದ, “ಮೈಲಾರಲಿಂಗಪ್ಪ.”

ತಾಯಕ್ಕ ತಟ್ಟನೆ ಅವನ ಮುಖ ನೋಡಿದಳು, ಆಮೇಲೆ ಕಂಚಿನ ಸವಾರನನ್ನು.

“ನಮ್ಮನಿಯವ್ರು ಹುಟ್ಟಿದಾಗ ವಿರುಪಮ್ಮ ಈತನ ಹೆಸರ ಇಟ್ಟಿದ್ಲು,” ಎಂದಳು. “ಅಜ್ಜನ ಹೆಸರ ಮೊಮ್ಮಗಗ ಬಂದಿತ್ತು. ಯಾರಿಗೂ ಗೊತ್ತಾಗ್ಲಿಲ್ಲ, ನೋಡ.”

ಆಮೇಲೆ ಕೈ ಜೋಡಿಸಿ, ನೂರು ವರ್ಷ ಆ ಮನೆಯಲ್ಲಿ ಯಾರೂ ಕರೆಯದ ಹೆಸರನ್ನು ಕರೆದಳು. “ಭರಮಪ್ಪ, ಬಾರಪ್ಪ. ಬುತ್ತಿ ಕಟ್ಟೀನಿ.”

ಮಾರುತೇಶನ ಗೋಡೆಯ ಮೇಲೆ ಈಗ ‘ಸಿಪಾಯಿ ಭರಮಪ್ಪ’ ಇದ್ದಾನೆ. ಬೇರೆಲ್ಲಿಂದಲೋ ತಂದ ಬೆಳ್ಳಿಯ ಪದಕ, ಅಂಚಿನಲ್ಲಿ ಹೆಡೆ ಎತ್ತಿದ ‘ಎಸ್’. ದೀಪದ ಕೆಳಗೆ ಚೆನ್ನಾಗಿ ಹೊಳೆಯುತ್ತದೆ, ಬಂದವರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಯಾವನೋ ಬೇರೆಯವನ ಪದಕ, ಅವನ ಹೆಸರನ್ನು ಉಜ್ಜಿ ತೆಗೆದೇ ಇದನ್ನು ಕೊರೆದಿರಬೇಕು. ತಾಯಕ್ಕ ತಿಳಿಯದೆ ಅಳಿಸಿ ಉಣ್ಣದೆ ಕೂತಳು. ತಿಳಿದು ಅಳಿಸಿದವರು ಅದರ ಪಕ್ಕದ ಊಟದ ಹಾಲ್‌ನಲ್ಲಿ ಬಫೆ ಉಣಿಸುತ್ತಿದ್ದಾರೆ. ಗಾರ್ಡುಗಳ ಜರ್ಕಿನ್ ಈಗ ಬೇರೆ ಅಂಗಡಿಯಿಂದ ಹೋಗುತ್ತದೆ.

ಹೊನ್ನೂರುಸ್ವಾಮಿಯ ಅಂಗಡಿಗೆ ಈಚೆಗೆ ವಡ್ಡು ಊರಿನ ಒಬ್ಬ ಗಾರ್ಡು ಬಂದಿದ್ದ. ಎಲ್ಲರಂತೆ ಅವನೂ ಕೇಳಿದ, ಎಷ್ಟು ಮಂದೀನ ಹೊಡದೀರಿ ಅಂತ. “ಯಾರನ್ನೂ ಇಲ್ಲಪ. ಗೋದಾಮಿನ್ಯಾಗ ಕಂಬಳಿ ಕೊಡ್ತಿದ್ದೆ,” ಎಂದ ಹೊನ್ನೂರುಸ್ವಾಮಿ. ಗಾರ್ಡಿಗೆ ಅಷ್ಟು ಹಿಡಿಸಲಿಲ್ಲ. ಜರ್ಕಿನ್ ಬೆಲೆ ಕೇಳಿ, ನಾಳೆ ಬರುತ್ತೇನೆಂದು ಹೋದ.

ಯುಗಾದಿಯ ಹಿಂದುಮುಂದಿನಲ್ಲಿ ಹೊನ್ನೂರುಸ್ವಾಮಿ ಪಾಪಿನಾಯಕನಹಳ್ಳಿಯ ಕಡೆ ಹೋದವನು ತಾಯಕ್ಕನ ಮನೆಗೂ ಹೋಗಿ ಬಂದ. ಜಗಲಿಯ ದೇವರುಗಳೆಲ್ಲ ಹಬ್ಬಕ್ಕೆ ತಿಕ್ಕಿಸಿಕೊಂಡು ಬೆಳಗುತ್ತಿದ್ದವು. ಕೆಳಗೆ ಗೋಡೆಯ ಗೂಡಿನಲ್ಲಿ ಭರಮಪ್ಪನ ಕಂಚು ಒಂದೇ ಮಂಕಾಗಿತ್ತು, ಕಂದು ತಿರುಗಿ ಕಪ್ಪಿಗೆ ಹತ್ತಿರ ಬಂದಿತ್ತು. ಹೊನ್ನೂರುಸ್ವಾಮಿ ಅಮಾವಾಸ್ಯೆಯ ದಿನ ಹೊರಡುವಾಗ ಒಂದೇ ಮಾತು ಹೇಳಿದ್ದ, ಇನ್ನು ಹುಣಸೆಹಣ್ಣು ಹಚ್ಚಬೇಡಿ ಅಂತ.

“ಭಾಳ ಕಪ್ಪಾಗ್ಯಾನಲ್ರಿ ಯಮ್ಮಾ,” ಎಂದ.

“ಅಷ್ಟು ದೂರದ ಬಿಸಲಾಗ ದುಡದಾವ,” ಎಂದಳು ತಾಯಕ್ಕ, ಗೂಡಿನ ಧೂಳನ್ನು ಸೆರಗಿನಿಂದ ಒರೆಸುತ್ತಾ, ಬಿಲ್ಲೆಯನ್ನು ಮುಟ್ಟದೆ. “ಕಪ್ಪಾಗದ ಮತ್ತೇನು ಆಗ್ತಾನಪ?”